ಲೆತೆತಿಯೋ, ಲೆತ್ಯೆತಿಯೋ

— ಅಕ್ಕಾ, ನೀನು ಫೋನಲ್ಲಿ ‘ಲೆತ್ಯೆತಿ’ ಅಂದೆ. ಬೆಲ್‌ಗ್ರೇಡ್‌ನಲ್ಲಿ ನಮ್ಮ ಆಫೀಸಿನವರೆಲ್ಲ ‘ಲೆತೆತಿ’ ಅಂತಾರೆ. ಹಾರೋದು ಅನ್ನೋ ಒಂದು ಮಾತಿಗೆ ನಾನು ಯಾವುದನ್ನು ಕಲೀಲಿ?

— ನಿನಗೆ ಹತ್ತಿರ ಇರೋದನ್ನ ಕಲಿ. ಇನ್ನೊಂದು ತಾನಾಗೇ ಕಿವಿಗೆ ಬೀಳುತ್ತೆ. ಹಳೇ ಸ್ಲಾವಿಕ್ ಭಾಷೆಯಲ್ಲಿ ‘ಯಾತ್’ ಅಂತ ಒಂದು ಸ್ವರ ಇತ್ತು ಕಣೋ, ಅದಕ್ಕೊಂದು ಅಕ್ಷರಾನೂ ಇತ್ತು. ಆ ಸ್ವರ ಸೀಮೆಗೊಂದು ವೇಷ ಹಾಕ್ತು. ಸೆರ್ಬಿಯಾದ ಬಹುಭಾಗದಲ್ಲಿ ಎ ಆಯ್ತು. ಬೋಸ್ನಿಯಾ, ಮಾಂಟೆನೆಗ್ರೊ, ಕ್ರೊಯೇಷಿಯಾದ ಶಿಷ್ಟ ಭಾಷೆಯಲ್ಲಿ ಯೆ ಇಲ್ಲಾ ಇಯೆ ಆಯ್ತು. ಡಾಲ್ಮೇಷಿಯಾದ ಕರಾವಳಿಯಲ್ಲಿ ಇ ಆಯ್ತು. ಹಾಲಿಗೆ ನೀನು ‘ಮ್ಲೆಕೊ’ ಅಂತೀಯ, ಝಾಗ್ರೆಬ್‌ನಲ್ಲಿ ನಾನು ‘ಮ್ಲಿಯೆಕೊ’ ಅಂತೀನಿ, ಸ್ಪ್ಲಿಟ್‌ನ ಮೀನುಗಾರ ‘ಮ್ಲಿಕೊ’ ಅಂತಾನೆ. ಹಾಗೇ ಲೆತೆತಿ, ಲೆತ್ಯೆತಿ, ಲೆತಿತಿ.

— ಅಂದ್ರೆ ನಾನು ಕಲಿತಿರೋ ರೂಪಗಳಲ್ಲೆಲ್ಲ ಎ ಕಿತ್ತು ಯೆ ಇಟ್ರೆ ನಿನ್ನ ಭಾಷೆ ಆಗ್ಬಿಡುತ್ತೆ.

— ‘ಝಲೆತಿಯೊ ಸಿ ಸೆ’. ಓಡಿ ಬಂದು ದುಡುಕಿಬಿಟ್ಟೆ ಅಂತ ಅರ್ಥ, ಅದೂ ಇದೇ ಕ್ರಿಯಾಪದದ ಮಗು. ಯಾತ್ ಇರೋದು ಧಾತುವಿನಲ್ಲಿ ಅಲ್ಲ, ಅದಕ್ಕೆ ಹತ್ತಿರೋ ಪ್ರತ್ಯಯದಲ್ಲಿ. ‘ಲೆತ್’ ಎಲ್ಲರಿಗೂ ಒಂದೇ. ವರ್ತಮಾನ ಕಾಲದಲ್ಲಿ ಆ ಪ್ರತ್ಯಯವೇ ಬರಲ್ಲ, ಹಾಗಾಗಿ ಅಲ್ಲಿ ತಕರಾರೂ ಇಲ್ಲ. ನಾನು ಹಾರ್ತೀನಿ ‘ಲೆತೀಮ್’, ನೀನು ಹಾರ್ತೀಯ ‘ಲೆತೀಶ್’, ಅವನಾಗಲಿ ಅವಳಾಗಲಿ ಅದಾಗಲಿ ‘ಲೆತೀ’, ನಾವು ‘ಲೆತೀಮೊ’, ನೀವು ‘ಲೆತೀತೆ’, ಅವರು ‘ಲೆತೇ’. ಬೆಲ್‌ಗ್ರೇಡ್, ಸರಯೆವೊ, ಪೊದ್ಗೊರಿತ್ಸ, ಝಾಗ್ರೆಬ್, ಎಲ್ಲಿ ಬೇಕಾದ್ರೂ ಹೇಳು, ಇದೇ.

— ನೀನು ‘ಲೆತೀ’ ಅಂತ ಎಳೀತೀಯ. ನನ್ನ ಪುಸ್ತಕದಲ್ಲಿ ದೀರ್ಘದ ಗುರುತೇ ಇಲ್ಲ.

— ಲ್ಯಾಟಿನ್ ಲಿಪಿಯಲ್ಲೂ ಇಲ್ಲ, ಸಿರಿಲಿಕ್‌ನಲ್ಲೂ ಇಲ್ಲ. ಬಾಯಲ್ಲಿ ಮಾತ್ರ ಇದೆ. ವಿಧ್ಯರ್ಥ ನೋಡು: ಹಾರು ಅನ್ನೋಕೆ ‘ಲೆತಿ’, ಹಾರಿ ಅನ್ನೋಕೆ ‘ಲೆತಿತೆ’, ಎರಡರಲ್ಲೂ ಹ್ರಸ್ವ. ಹಾರುತ್ತೆ ಅನ್ನೋಕೆ ‘ಲೆತೀ’, ಹಾರ್ತೀರಿ ಅನ್ನೋಕೆ ‘ಲೆತೀತೆ’, ಎರಡರಲ್ಲೂ ದೀರ್ಘ. ಅವರ ಬರವಣಿಗೆಯಲ್ಲಿ ಎರಡಕ್ಕೂ ಒಂದೇ ಕಾಗುಣಿತ, ಓದುವವನೇ ಸಂದರ್ಭ ನೋಡಿ ತಿಳ್ಕೋಬೇಕು. ಕನ್ನಡದಲ್ಲಿ ಒಂದು ಗುಡಿಸು, ಒಂದು ದೀರ್ಘ ಕೊಟ್ಟರೆ ಮುಗೀತು. ನಿನ್ನ ನೋಟ್‌ಬುಕ್ಕಲ್ಲಿ ಕನ್ನಡ ಲಿಪೀಲೇ ಬರ್ಕೊ ಅಂತ ನಾನು ಹೇಳೋದು ಅದಕ್ಕೇ. ಝಾಗ್ರೆಬ್‌ನ ಪೇಟೆ ಮಾತಲ್ಲಿ ಈ ದೀರ್ಘ ಹೆಚ್ಚುಕಡಿಮೆ ಸವೆದುಹೋಗಿದೆ. ಹೆರ್ಜೆಗೊವಿನಾ ಕಡೆಯವರು ಮಾತಾಡೋದು ಕೇಳು, ಎಳೆದದ್ದು ಸ್ಪಷ್ಟವಾಗಿ ಕೇಳುತ್ತೆ.

— ಓ, ಹಾಗೋ! ನಮ್ಮ ಆಫೀಸಲ್ಲಿ ಒಬ್ಬಳು ‘ಲೆತೀಶ್ ಲಿ ಲೆತಿ’ ಅಂತ ಕೇಳಿದ್ಲು. ಒಂದೇ ಪದ ಎರಡು ಸಲ ಯಾಕೆ ಹೇಳ್ತಾಳೆ ಅಂದ್ಕೊಂಡೆ.

— ಬೇಸಿಗೇಲಿ ವಿಮಾನದಲ್ಲಿ ಹೋಗ್ತೀಯಾ ಅಂತ ಕೇಳಿದ್ದಾಳೆ. ಬೇಸಿಗೆ ನಿಮ್ಮ ಕಡೆ ‘ಲೆತೊ’, ಬೇಸಿಗೇಲಿ ಅನ್ನೋಕೆ ‘ಲೆತಿ’. ಅಲ್ಲಿ ಯಾತ್ ಇರೋದು ಮೊದಲನೇ ಅಕ್ಷರದಲ್ಲೇ. ಹಾಗಾಗಿ ನಮ್ಮ ಕಡೆ ಅದು ‘ಲ್ಯೆತಿ’ ಆಗುತ್ತೆ, ‘ಲೆತೀಶ್ ಲಿ ಲ್ಯೆತಿ’ ಅಂತೀವಿ, ಗೊಂದಲ ಇಲ್ಲ. ನಿಮ್ಮ ಕಡೆ ಎರಡನ್ನೂ ಬೇರೆ ಮಾಡೋದು ಸ್ವರದ ಏರಿಳಿತ. ಬೇಸಿಗೆಯ ಲೆತಿ ಮೊದಲ ಅಕ್ಷರದಲ್ಲೇ ದನಿ ಇಳಿಸುತ್ತೆ, ಹಾರಾಟದ ಲೆತೀ ದನಿ ಏರಿಸುತ್ತೆ. ಎರಡು ಪದಕ್ಕೂ ಹುಟ್ಟಿನಿಂದ ಸಂಬಂಧ ಇಲ್ಲ. ವಸಂತಕ್ಕೆ ‘ಪ್ರೊಲೆಚೆ’ ಅಂತೀರಲ್ಲ, ಅದೂ ಬೇಸಿಗೆ ಕಡೆಯ ನೆಂಟ, ಹಾರಾಟದ್ದಲ್ಲ. ಆದ್ರೂ ‘ಪ್ರೊಲೆಚೆ ಯೆ ಪ್ರೊಲೆತೆಲೊ’ ಅಂತ ಹೇಳೋ ಆಸೆ ಯಾರಿಗೂ ತಡೆಯೋಕಾಗಲ್ಲ. ವಸಂತ ಹಾರಿಹೋಯ್ತು ಅಂತ.

— ಭೂತಕಾಲಕ್ಕೆ ಬಂದ್ವಿ ಅಂತಾಯ್ತು.

— ಬಂದ್ವಿ. ಯಾತ್ ಬಣ್ಣ ಬದಲಾಯಿಸೋದು ಅಲ್ಲೇ. ನೀನು ಗಂಡಸು, ಬೆಲ್‌ಗ್ರೇಡಿನವನು, ‘ಲೆತೆಯೊ ಸಮ್’ ಅನ್ನು. ನಾನು ಹೆಂಗಸು, ಝಾಗ್ರೆಬಿನವಳು, ‘ಲೆತ್ಯೆಲ ಸಮ್’ ಅಂತೀನಿ. ಝಾಗ್ರೆಬ್‌ನ ಗಂಡಸು ‘ಲೆತಿಯೊ ಸಮ್’ ಅಂತಾನೆ. ಗಮನಿಸು, ‘ಲೆತ್ಯೆಯೊ’ ಅಲ್ಲ. ಒ ಮುಂದೆ ಬಂದಾಗ ನಮ್ಮ ಕಡೆ ಯಾತ್ ಇ ಆಗುತ್ತೆ. ಎ ಕಿತ್ತು ಯೆ ಇಡೋ ನಿನ್ನ ಲೆಕ್ಕಾಚಾರ ಇಲ್ಲೇ ಕೈ ಕೊಡೋದು.

— ನಾನು ಅನ್ನೋದಕ್ಕೂ ಗಂಡು ಹೆಣ್ಣು ಇರೋದು ವಿಚಿತ್ರ. ನಮ್ಮಲ್ಲಿ ಅವನು ಹಾರಿದ, ಅವಳು ಹಾರಿದಳು ಅಂತ ಬೇರೆ ಮಾಡ್ತೀವಿ. ನಾನು ಹಾರಿದೆ ಅಂದ್ರೆ ಯಾರು ಬೇಕಾದ್ರೂ ಆಗಬಹುದು.

— ಅವರ ಲೆಕ್ಕದಲ್ಲಿ ಅದು ಕ್ರಿಯಾಪದಕ್ಕಿಂತ ಹೆಚ್ಚಾಗಿ ಕೃದಂತ, ಹಾರಿದವನು, ಹಾರಿದವಳು ಅನ್ನೋ ಹಾಗೆ. ನಾನು ಹಾರಿದವಳಾಗಿದ್ದೇನೆ ಅಂತ ಬಿಡಿಸಿ ಹೇಳ್ಕೊ, ಸಲೀಸಾಗುತ್ತೆ. ಬಹುವಚನದಲ್ಲಿ ಇನ್ನೂ ಮಜಾ ಇದೆ. ಪಾರಿವಾಳ ಪುಲ್ಲಿಂಗ, ‘ಗೊಲುಬೊವಿ ಸು ಲೆತ್ಯೆಲಿ’. ಹಕ್ಕಿ ಸ್ತ್ರೀಲಿಂಗ, ‘ಪ್ತಿತ್ಸೆ ಸು ಲೆತ್ಯೆಲೆ’. ಹಕ್ಕಿಗಳ ಹಿಂಡಿಗೆ ‘ಯಾತೊ’ ಅಂತಾರೆ, ಅದು ನಪುಂಸಕ, ‘ಯಾತ ಸು ಲೆತ್ಯೆಲ’. ಒಬ್ಬಳೇ ಹಾರಿದಳು ಅನ್ನೋಕೂ ಲೆತ್ಯೆಲ, ಎಷ್ಟೋ ಹಿಂಡು ಹಾರಿದವು ಅನ್ನೋಕೂ ಲೆತ್ಯೆಲ. ಮರ್ಯಾದೆ ಕೊಟ್ಟು ಒಬ್ಬ ಹೆಂಗಸನ್ನ ಮಾತಾಡಿಸಿದ್ರೆ ‘ವಿ ಸ್ತೆ ಲೆತ್ಯೆಲಿ’, ಪುಲ್ಲಿಂಗ ಬಹುವಚನ. ನಮ್ಮ ನೀವು ಥರಾನೇ, ಆದರೆ ಗಂಡಸಿನ ವೇಷದಲ್ಲಿ.

— ನಿಲ್ಲು. ಹಿಂಡು ‘ಯಾತೊ’, ಆ ಹಳೇ ಸ್ವರದ ಹೆಸರು ‘ಯಾತ್’. ಯುಗೊಸ್ಲಾವಿಯಾದ ವಿಮಾನ ಕಂಪನೀನೂ ‘ಯಾತ್’ ಅಲ್ವಾ? ನಮ್ಮ ಮ್ಯಾನೇಜರು ಈಗಲೂ ಏರ್ ಸೆರ್ಬಿಯಾಗೆ ಯಾತ್ ಅಂತಲೇ ಅನ್ನೋದು.

— ಯುಗೊಸ್ಲೊವೆನ್ಸ್ಕಿ ಏರೊತ್ರಾನ್ಸ್‌ಪೊರ್ತ್, ಮೊದಲಕ್ಷರ ಸೇರಿಸಿ ಯಾತ್. ಹುಟ್ಟಿದ್ದು 1947ರಲ್ಲಿ. ಅದಕ್ಕೂ ಮುಂಚೆ 1927ರಲ್ಲಿ ‘ಏರೊಪುತ್’ ಅಂತ ಒಂದಿತ್ತು. 2013ರಲ್ಲಿ ಯಾತ್ ಹೋಗಿ ಏರ್ ಸೆರ್ಬಿಯಾ ಬಂತು. ಆ ಹೆಸರಲ್ಲಿ ಹಕ್ಕಿ ಹಿಂಡೂ ಇತ್ತು, ಇಡೀ ಭಾಷೇನ ಮೂರು ಭಾಗ ಮಾಡಿದ ಸ್ವರಾನೂ ಇತ್ತು. ಹೆಸರಿಟ್ಟವರಿಗೆ ಎರಡನೇದು ಹೊಳೆದಿತ್ತೋ ಇಲ್ಲವೋ, ನನಗಂತೂ ಮೊದಲ ಸಲ ಕೇಳಿದಾಗಲೇ ನಗು ಬಂತು.

— ಸರಿ, ನನ್ನ ನಿಜವಾದ ಕಷ್ಟಕ್ಕೆ ಬರ್ತೀನಿ. ಹಾರೋದಕ್ಕೆ ಲೆತೆತಿ ಅಂದೆ, ಒಪ್ಪಿದೆ. ಆದರೆ ಏರ್‌ಪೋರ್ಟಿಗೆ ಹೋದ್ರೆ ಒಬ್ಬರ ಬಾಯಲ್ಲೂ ಅದು ಬರಲ್ಲ. ‘ಪೊಲೆತೆಯೊ’, ‘ಸ್ಲೇಚೆ’, ‘ದೊಲೆತೆಲ’, ಬರೀ ಇಂಥವೇ.

— ಈ ಭಾಷೆಯ ಕ್ರಿಯಾಪದದ ಬೆಲ್ಲ ಇರೋದೇ ಅಲ್ಲಿ. ಕಾಲ, ಪುರುಷ, ಲಿಂಗ ಎಲ್ಲ ಬಾಯಿಪಾಠ ಮಾಡಿದ್ರೆ ಬರುತ್ತೆ. ಇದು ಹಾಗಲ್ಲ, ಲೋಕವನ್ನ ನೋಡೋ ರೀತಿ. ಮೊನ್ನೆ ನಮ್ಮ ಅಡುಗೆಮನೆಗೆ ಗುಬ್ಬಿ ಬಂತು. ಕಿಟಕಿಯಿಂದ ಒಳಕ್ಕೆ ಹಾರ್ತು, ‘ಉಲೆತಿಯೊ’. ಒಳಗೆ ಸುತ್ತ ಹಾರ್ತಾ ಇತ್ತು, ‘ಲೆತಿಯೊ’. ಒಲೆ ಮೇಲಿಂದ ದಾಟಿ ಹೋಯ್ತು, ‘ಪ್ರೆಲೆತಿಯೊ’. ಫ್ರಿಜ್ ಮೇಲೆ ಇಳಿದು ಕೂತ್ಕೊಂಡ್ತು, ‘ಸ್ಲೆತಿಯೊ’. ನಾನು ಬಟ್ಟೆ ಬೀಸಿದೆ, ಎದ್ದು ಹಾರ್ತು, ‘ಪೊಲೆತಿಯೊ’. ಬಾಗಿಲಿಂದ ಹೊರಕ್ಕೆ ಹೋಯ್ತು, ‘ಇಝ್‌ಲೆತಿಯೊ’. ಎಲ್ಲೋ ದೂರ ಹೋಯ್ತು, ‘ಒದ್‌ಲೆತಿಯೊ’. ಇದರಲ್ಲಿ ಬರೀ ಲೆತಿಯೊ ಅನ್ನೋದೊಂದೇ ಮುಗಿಯದ ಕ್ರಿಯೆ. ಬಾಕಿ ಎಲ್ಲಕ್ಕೂ ಒಂದು ಗಡಿ ಇದೆ, ಗಡಿ ದಾಟಿದ್ದೂ ಆಗಿದೆ.

— ನಾವೂ ಹಾಗೇ ಹೇಳ್ತೀವಲ್ಲ. ಹಾರಿ ಬಂತು, ಹಾರಿ ಹೋಯ್ತು, ಹಾರಿಬಿಡ್ತು.

— ಹೇಳ್ತೀವಿ, ಆದರೆ ಬಾಲದಲ್ಲಿ. ಅವರು ತಲೆಗೇ ಕಟ್ತಾರೆ. ಕನ್ನಡದವರಿಗೆ ಇದು ಇಂಗ್ಲಿಷಿನವರಿಗಿಂತ ಬೇಗ ಹತ್ತುತ್ತೆ ಅಂತ ನನ್ನ ಅನುಭವ. ಬಿಡು, ಹೋಗು, ಬರು, ಕೊಳ್ಳು ಸೇರಿಸಿ ಕ್ರಿಯೆಗೆ ಬಣ್ಣ ಕೊಡೋದು ನಮಗೆ ಹುಟ್ಟಿನಿಂದ ಗೊತ್ತು. ಒಂದೇ ವ್ಯತ್ಯಾಸ, ನಮಗೆ ಅದು ಇಷ್ಟ, ಅವರಿಗೆ ಕಡ್ಡಾಯ. ಹಕ್ಕಿ ಹಾರ್ತು ಅಂತ ಹೇಳಿ ನಾವು ಸುಮ್ಮನಾಗಬಹುದು. ಅವರು ಬಾಯಿ ತೆರೆಯೋ ಮುಂಚೆ ತೀರ್ಮಾನ ಮಾಡಬೇಕು, ಹಾರ್ತಾ ಇತ್ತೋ, ಹಾರಿ ಮುಗೀತೋ ಅಂತ.

— ಹಾಗಾದ್ರೆ ವಿಮಾನ ಈಗ ಏಳ್ತಾ ಇದೆ ಅಂದ್ರೆ? ಪೊಲೆತೆತಿ ಮುಗಿದ ಕ್ರಿಯೆ. ಈಗ ನಡೀತಿರೋದು ಮುಗಿದಿರಲ್ಲ.

— ಸರಿಯಾದ ಜಾಗ ಹಿಡಿದೆ. ಮುಗಿದ ಕ್ರಿಯಾಪದದ ವರ್ತಮಾನ ರೂಪ ಒಂಟಿಯಾಗಿ ನಿಲ್ಲಲ್ಲ. ರಷ್ಯನ್‌ನಲ್ಲಿ ಅದು ಭವಿಷ್ಯತ್ತಾಗುತ್ತೆ, ಇಲ್ಲಿ ಅದೂ ಇಲ್ಲ. ‘ಕದ್ ಪೊಲೆತೀಮೊ’ ಅಂದ್ರೆ ನಾವು ಹೊರಟಾಗ, ‘ಅಕೊ ಪೊಲೆತೀಮೊ’ ಅಂದ್ರೆ ಹೊರಟರೆ. ಹಾಗೆ ಆಸರೆ ಬೇಕು ಅದಕ್ಕೆ. ಈಗ ಏಳ್ತಾ ಇದೆ ಅನ್ನೋಕೆ ಅದರಿಂದಲೇ ಇನ್ನೊಂದು ಮುಗಿಯದ ಕ್ರಿಯಾಪದ ಹುಟ್ಟಿಸ್ತಾರೆ. ನಿಮ್ಮ ಕಡೆ ‘ಪೊಲೇತತಿ’, ನಮ್ಮ ಕಡೆ ‘ಪೊಲಿಯೆತತಿ’. ಇಲ್ಲಿ ಮಾತ್ರ ಯಾತ್ ಧಾತುವಿನೊಳಗೇ ಬಂದು ಕೂತಿದೆ ನೋಡು. ವರ್ತಮಾನಕ್ಕೆ ಬಂದಾಗ ತ ಹೋಗಿ ಚ ಬರುತ್ತೆ, ‘ಅವಿಯೊನ್ ಪೊಲೇಚೆ’, ‘ಅವಿಯೊನ್ ಪೊಲಿಯೆಚೆ’. ಇಳೀತಾ ಇದೆ ಅಂದ್ರೆ ನಿಮಗೆ ‘ಸ್ಲೇಚೆ’, ನಮಗೆ ‘ಸ್ಲಿಯೆಚೆ’. ಗೇಟಿನ ಹತ್ತಿರ ‘ಪೊಲೇಚೆ’ ಅಂದ್ರೆ ಇನ್ನೂ ಓಡಿ ನೋಡಬಹುದು. ‘ಪೊಲೆತೆಯೊ’ ಅಂದ್ರೆ ಮನೆಗೆ ಹೋಗೋದೇ.

— ರಷ್ಯನ್ ಕಲಿತ ನನ್ನ ಸ್ನೇಹಿತ ಹೇಳ್ತಿದ್ದ, ಅಲ್ಲಿ ಹಾರೋದಕ್ಕೇ ಎರಡು ಕ್ರಿಯಾಪದ ಅಂತೆ, ಒಂದು ಕಡೆಗೆ ಹಾರೋದು ಬೇರೆ, ಸುಮ್ಮನೆ ಅತ್ತಿತ್ತ ಹಾರೋದು ಬೇರೆ.

— ಆ ತಾಪತ್ರಯ ಇಲ್ಲಿಲ್ಲ. ನಾಳೆ ಬೆಲ್‌ಗ್ರೇಡಿಗೆ ಹಾರ್ತೀನಿ ಅನ್ನೋಕೂ, ಪ್ರತಿ ತಿಂಗಳು ಹಾರ್ತೀನಿ ಅನ್ನೋಕೂ ಲೆತೀಮ್ ಸಾಕು. ಆದರೆ ಇನ್ನೊಂದು ಕಡೆ ನಮಗಿಂತ ಬಿಗಿ. ನಮ್ಮಲ್ಲಿ ಹಕ್ಕೀನೂ ಹಾರುತ್ತೆ, ಕಪ್ಪೇನೂ ಹಾರುತ್ತೆ, ಹುಡುಗ ಕಾಂಪೌಂಡು ಹಾರ್ತಾನೆ. ಅಲ್ಲಿ ಕಪ್ಪೆಗೂ ಹುಡುಗನಿಗೂ ‘ಸ್ಕೊಚಿತಿ’, ರೆಕ್ಕೆ ಬೇಡದ ಕ್ರಿಯಾಪದ.

— ಹಾರಿಸು ಅನ್ನೋಕೆ?

— ಅಂಥ ಪ್ರೇರಣಾರ್ಥಕ ಇಲ್ಲ. ಲೆತ್ಯೆತಿ ಅಕರ್ಮಕ, ಪ್ರಯಾಣಿಕ ಹಾರೋದು ‘ಅವಿಯೊನೊಮ್’, ವಿಮಾನದಿಂದ ಅಂತ ತೃತೀಯಾ ವಿಭಕ್ತಿ. ಗಾಳಿಪಟಕ್ಕೆ ಏನಂತಾರೆ ಗೊತ್ತಾ? ‘ಪುಶ್ತತಿ ಝ್ಮಯ’. ಪುಶ್ತತಿ ಅಂದ್ರೆ ಬಿಡೋದು. ನಾವೂ ಗಾಳಿಪಟ ಬಿಡ್ತೀವಿ, ಅವರೂ ಬಿಡ್ತಾರೆ. ಝ್ಮಯ್ ಅಂದ್ರೆ ಕಥೆಗಳಲ್ಲಿ ಬೆಂಕಿ ಉಗುಳೋ ರೆಕ್ಕೆಯ ಸರ್ಪ. ಆಷಾಢದ ಗಾಳಿಗೆ ನಾವು ಬಿಡೋದು ಬರೀ ಕಾಗದ, ಅವರು ಬಿಡೋದು ಪೂರ್ತಿ ಸರ್ಪಾನೇ.

— ‘ಇಝ್‌ಲೆತ್’ ಅಂದ್ರೆ ಪಿಕ್ನಿಕ್ ಅಂತ ಆಫೀಸಲ್ಲಿ ಕಲಿತೆ. ಭಾನುವಾರ ಎಲ್ಲರೂ ಅವಾಲ ಬೆಟ್ಟಕ್ಕೆ ಇಝ್‌ಲೆತ್ ಹೋದ್ವಿ. ಈಗ ಗೊತ್ತಾಯ್ತು, ಹೊರಕ್ಕೆ ಹಾರೋದು.

— ಝಾಗ್ರೆಬಿನವರಿಗೆ ಸ್ಲ್ಯೆಮೆ ಬೆಟ್ಟ. ಗೂಡಿನಿಂದ ಒಂದು ದಿನ ಹೊರಕ್ಕೆ ಹಾರಿ ಸಂಜೆ ವಾಪಸ್ ಬರೋದು. ‘ಪೊಲೆತ್’ ಅಂದ್ರೆ ಹುರುಪು, ‘ಝಾಲೆತ್’ ಅಂದ್ರೆ ಲಾಂಗ್‌ಜಂಪ್‌ನವನು ಹಿಂದಿನಿಂದ ಓಡಿ ಬರೋದು, ‘ನಾಲೆತ್’ ಅಂದ್ರೆ ಗಾಳಿ ಒಮ್ಮೆಲೆ ಬೀಸೋದು, ‘ಲೆತಾಕ್’ ಅಂದ್ರೆ ಬೀದೀಲಿ ಹಂಚೋ ಕರಪತ್ರ. ಬಾಯಿ ತಪ್ಪಿ ಮಾತು ಬಂದ್ರೆ ‘ಇಝ್‌ಲೆತ್ಯೆಲೊ ಮಿ ಯೆ’, ನನ್ನಿಂದ ಹೊರಕ್ಕೆ ಹಾರಿಬಿಡ್ತು ಅಂತ, ತಪ್ಪು ನನ್ನದಲ್ಲ ಅನ್ನೋ ಹಾಗೆ. ಕೆಲಸದಿಂದ ಕಿತ್ತುಹಾಕಿದ್ರೂ ‘ಇಝ್‌ಲೆತಿಯೊ’, ಹಾರಿಬಿದ್ದ. ಅರ್ಜೆಂಟಾಗಿ ಹೋಗಬೇಕಾದ್ರೆ ‘ಲೆತೀಮ್’ ಅಂತ ಕೈ ಬೀಸಿ ಓಡ್ತಾರೆ, ಟ್ರಾಮ್ ಹಿಡಿಯೋಕೆ.

— ಅದಿರಲಿ, ಈ ಭಾಷೆಯವರಲ್ಲಿ ಮೊದಲು ವಿಮಾನದಲ್ಲಿ ಹಾರಿದ್ದು ಯಾರು? ನಮ್ಮವರು ಸುಬೊತಿತ್ಸದ ಇವಾನ್ ಸಾರಿಚ್ ಅಂತಾರೆ, 1910ರಲ್ಲಿ, ತಾನೇ ಕಟ್ಟಿದ ವಿಮಾನದಲ್ಲಿ.

— ನಮ್ಮವರು ಸ್ಲಾವೊಲ್ಯುಬ್ ಪೆಂಕಾಲ ಅಂತಾರೆ. ಅದೂ 1910ರಲ್ಲೇ, ಝಾಗ್ರೆಬ್‌ನಲ್ಲಿ. ಓಡಿಸಿದವನು ದ್ರಾಗುತಿನ್ ನೊವಾಕ್. ಕಡ್ಡಿ ಒತ್ತಿದ್ರೆ ಸೀಸ ಹೊರಬರೋ ಪೆನ್ಸಿಲ್‌ಗೂ ಅದೇ ಪೆಂಕಾಲನ ಹೆಸರಿದೆ. ಆಗ ಎರಡೂ ಊರು ಒಂದೇ ಆಸ್ಟ್ರಿಯಾ–ಹಂಗರಿ ಸಾಮ್ರಾಜ್ಯದಲ್ಲಿತ್ತು, ಆ ಜಗಳ ನಮಗೆ ಬೇಡ. ನನಗೆ ಇವರಿಬ್ಬರಿಗಿಂತ ಇಷ್ಟ ಆದವನು ಫೌಸ್ತ್ ವ್ರಾಂಚಿಚ್. ಶಿಬೆನಿಕ್‌ನವನು, 1551ರಲ್ಲಿ ಹುಟ್ಟಿದ್ದು, ಬಿಷಪ್ ಆಗಿದ್ದ. ಸುಮಾರು 1616ರಲ್ಲಿ ಯಂತ್ರಗಳ ಚಿತ್ರಪುಸ್ತಕ ಒಂದನ್ನ ತಂದ. ಅದರಲ್ಲೊಂದು ಚಿತ್ರ: ಚೌಕಾಕಾರದ ಚೌಕಟ್ಟಿಗೆ ಬಟ್ಟೆ ಕಟ್ಟಿದೆ, ನಾಲ್ಕು ಮೂಲೆಯಿಂದ ಹಗ್ಗ, ಅದಕ್ಕೆ ಜೋತುಬಿದ್ದ ಒಬ್ಬ ಗೋಪುರದಿಂದ ಕೆಳಗೆ ಬರ್ತಿದ್ದಾನೆ. ಲ್ಯಾಟಿನ್‌ನಲ್ಲಿ ಕೊಟ್ಟ ಹೆಸರು ‘ಹಾರುವ ಮನುಷ್ಯ’.

— ಪ್ಯಾರಾಚೂಟ್!

— ಹೂಂ. ಅವನ ಭಾಷೆಯವರಾದ್ರೆ ಈ ಹೆಸರಿಗೆ ತಕರಾರು ಮಾಡ್ತಾರೆ. ಅವನು ಹಾರ್ತಿಲ್ಲ, ಕೆಳಗೆ ಇಳೀತಿದ್ದಾನೆ, ‘ಸ್ಲಿಯೆಚೆ’ ಅಂತ. ಇನ್ನೊಂದು ಸಂಗತಿ ಕೇಳು. ಇದೇ ಮನುಷ್ಯ 1595ರಲ್ಲಿ ವೆನಿಸ್‌ನಲ್ಲಿ ಐದು ಭಾಷೆಗಳ ನಿಘಂಟು ಅಚ್ಚು ಹಾಕಿಸಿದ್ದ, ಲ್ಯಾಟಿನ್, ಇಟಾಲಿಯನ್, ಜರ್ಮನ್, ಹಂಗೇರಿಯನ್ ಜೊತೆ ತನ್ನ ಭಾಷೆ. ತನ್ನದಕ್ಕೆ ಅವನು ಕೊಟ್ಟ ಹೆಸರು ಡಾಲ್ಮೇಷಿಯನ್. ಸೆರ್ಬಿಯನ್ನೂ ಅಲ್ಲ, ಕ್ರೊಯೇಷಿಯನ್ನೂ ಅಲ್ಲ.

— ಈಗ ಎಷ್ಟು ಹೆಸರಾಗಿದೆ ಅಕ್ಕ! ನಾನು ಸೆರ್ಬಿಯನ್ ಅನ್ನಬೇಕು, ನೀನು ಕ್ರೊಯೇಷಿಯನ್ ಅನ್ನಬೇಕು, ಬೋಸ್ನಿಯನ್, ಮಾಂಟೆನೆಗ್ರಿನ್. ಒಂದು ಸ್ವರಕ್ಕೆ ನಾಲ್ಕು ಹೆಸರಾ?

— ಸ್ವರದಿಂದ ಆದದ್ದಲ್ಲ ಅದು. ವೂಕ್ ಕರಾಜಿಚ್ 1818ರಲ್ಲಿ ವಿಯೆನ್ನಾದಲ್ಲಿ ಸೆರ್ಬಿಯನ್ ನಿಘಂಟು ತಂದನಲ್ಲ, ಅದರ ಹೆಸರಲ್ಲೇ ‘ರ್ಯೆಚ್ನಿಕ್’ ಅಂತಿದೆ. ‘ರೆಚ್ನಿಕ್’ ಅಲ್ಲ. ಸೆರ್ಬಿಯನ್ ಬರವಣಿಗೆಯನ್ನ ಸುಧಾರಿಸಿದವನೇ ನಮ್ಮ ಕಡೆಯ ಯೆಕಾರ ಬಳಸಿದ್ದ. 1954ರ ನೊವಿ ಸಾದ್ ಒಪ್ಪಂದದಲ್ಲಿ ಭಾಷೆ ಒಂದೇ, ಉಚ್ಚಾರ ಎರಡು ಅಂದ್ರು. 1967ರಲ್ಲಿ ಝಾಗ್ರೆಬ್‌ನ ಲೇಖಕರು, ಭಾಷಾ ವಿದ್ವಾಂಸರು ನಮ್ಮದಕ್ಕೆ ಬೇರೆ ಹೆಸರು ಬೇಕು ಅಂತ ಘೋಷಣೆ ಹೊರಡಿಸಿದ್ರು. 2017ರಲ್ಲಿ ಸರಯೆವೊದಲ್ಲಿ ನಾಲ್ಕೂ ದೇಶದವರು ಸೇರಿ, ಭಾಷೆ ಒಂದೇ, ಅದಕ್ಕೆ ಹಲವು ಕೇಂದ್ರ ಇರಬಹುದು ಅಂತ ಇನ್ನೊಂದು ಘೋಷಣೆ ಮಾಡಿದ್ರು. ನನ್ನನ್ನ ಕೇಳಿದ್ರೆ ಆ ಕೊನೇದು ಸರಿ. ಹಾಗಂತ ಝಾಗ್ರೆಬ್‌ನ ಬೇಕರೀಲಿ ನಿಂತು ಅದನ್ನ ಹೇಳೋಕೆ ಹೋಗಲ್ಲ. ಯುದ್ಧದಲ್ಲಿ ಯಾರ ಮನೆಯ ಯಾರು ಯಾವ ಕಡೆ ಸತ್ತಿದ್ದಾರೋ.

— ಯುದ್ಧದ ಮಾತೂ ಈ ಪದದಲ್ಲಿದೆಯಾ?

— ‘ಝಬ್ರಾನ ಲೆತೇನ್ಯ’. ಲೆತೇನ್ಯೆ ಅಂದ್ರೆ ಹಾರಾಟ, ಕೃದಂತ ನಾಮ. ಹಾರಾಟ ನಿಷೇಧ. 1992ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ ಬೋಸ್ನಿಯಾದ ಆಕಾಶದಲ್ಲಿ ಯುದ್ಧವಿಮಾನ ಹಾರಬಾರದು ಅಂತ ನಿರ್ಣಯ ಮಾಡ್ತು, 1993ರ ಏಪ್ರಿಲ್‌ನಿಂದ ನ್ಯಾಟೊ ಅದನ್ನ ಜಾರಿಗೆ ತಂತು. ಅದೇ ಹೊತ್ತಲ್ಲಿ ಮುತ್ತಿಗೆಯಲ್ಲಿದ್ದ ಸರಯೆವೊಗೆ ಹಿಟ್ಟು, ಔಷಧಿ ಹೊತ್ತ ವಿಮಾನಗಳು 1992ರಿಂದ 1996ರ ಜನವರಿವರೆಗೆ ಬರ್ತಾನೇ ಇದ್ದವು. ರನ್‌ವೇ ಕೆಳಗೆ ಜನ ಸುರಂಗ ತೋಡಿ ಓಡಾಡ್ತಿದ್ರು. ಅಲ್ಲಿಯವರ ಬಾಯಲ್ಲಿ ‘ಸ್ಲೆತಿಯೊ’ ಅನ್ನೋದು, ಸುರಕ್ಷಿತವಾಗಿ ಇಳೀತು ಅನ್ನೋದು, ಸಣ್ಣ ಮಾತಾಗಿರಲಿಲ್ಲ.

— ವ್ಯಾಕರಣದಲ್ಲಿ ಸ್ವರ ಬಿಟ್ಟು ಬೇರೆ ವ್ಯತ್ಯಾಸವೇ ಇಲ್ವಾ?

— ಇದೆ. ನಾನು ಹಾರಬೇಕು ಅನ್ನೋಕೆ ನಾವು ‘ಮೊರಮ್ ಲೆತ್ಯೆತಿ’ ಅಂತೀವಿ, ನೀವು ‘ಮೊರಮ್ ದ ಲೆತೀಮ್’ ಅಂತೀರಿ, ನಾನು ಹಾರುವಂತೆ ಬೇಕು ಅನ್ನೋ ಹಾಗೆ. ಯೆಕಾರಕ್ಕಿಂತ ಇದು ಆಳದ್ದು. ಆದರೆ ಭವಿಷ್ಯತ್ ಕಾಲದ ಜಗಳ ಬರೀ ಕಾಗದದ ಮೇಲಿಂದು. ನಾವು ‘ಲೆತ್ಯೆತ್ ಚು’ ಅಂತ ಎರಡು ಪದ ಬರೀತೀವಿ, ನೀವು ‘ಲೆತೆಚು’ ಅಂತ ಅಂಟಿಸಿ ಬರೀತೀರಿ. ಓದುವಾಗ ನಮ್ಮವರ ಬಾಯಲ್ಲೂ ಆ ತ ಕೇಳಲ್ಲ, ‘ಲೆತ್ಯೆಚು’ ಅಂತಲೇ ಬರೋದು. ಇಲ್ಲದ ತಕಾರಕ್ಕೆ ಎಷ್ಟು ಲೇಖನ ಖರ್ಚಾಗಿದೆಯೋ.

— ನನ್ನ ವ್ಯಾಕರಣ ಪುಸ್ತಕದಲ್ಲಿ ಇನ್ನೂ ಎರಡು ಭೂತಕಾಲ ಇದೆ. ‘ಲೆತೆಹ್, ಲೆತೆ, ಲೆತೆಸ್ಮೊ’ ಅಂತ ಒಂದು, ‘ಲೆಚಾಹ್’ ಅಂತ ಇನ್ನೊಂದು. ಅವನ್ನೂ ಬಾಯಿಪಾಠ ಮಾಡ್ಲಾ?

— ಆ ಎರಡನೇದನ್ನ ನಾನು ಇಷ್ಟು ವರ್ಷದಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ಹಳೇ ಪುಸ್ತಕದಲ್ಲಿ ಸಿಕ್ಕಿದ್ರೆ ಗುರುತು ಹಿಡಿ, ಸಾಕು. ಮೊದಲನೇದು ಉಪಸರ್ಗ ಹತ್ತಿಸಿಕೊಂಡು ಆಗಾಗ ಬರುತ್ತೆ, ‘ಒದೋಹ್’, ‘ಒದ್‌ಲೆತೆಹ್’ ಅಂತ ಹೊರಡೋವಾಗ ಯಾರಾದ್ರೂ ಅಂದ್ರೆ ಹೆದರ್ಕೋಬೇಡ, ಹೊರಟೆ ಅಂತ ಅಷ್ಟೆ. ನೀನು ಬಾಯಿಪಾಠ ಮಾಡಬೇಕಾದ್ದು ಪೊಲೇಚೆಮ್, ಸ್ಲೇಚೆಮ್, ದೊಲೇಚೆಮ್. ಆ ಚಕಾರ ನಾಲಿಗೆಗೆ ಹತ್ತೋವರೆಗೂ ದಿನಾ ಹೇಳ್ಕೊ.

— ಪೊಲೇಚೆಮ್, ಪೊಲೇಚೆಶ್, ಪೊಲೇಚೆ. ಅವರು ಅನ್ನೋಕೆ ‘ಪೊಲೇಚೆ’ನಾ, ‘ಪೊಲೇಚು’ನಾ?

— ‘ಪೊಲೇಚು’. ಲೆತೇ ಥರ ಅಲ್ಲ, ಇದು ಬೇರೆ ಗಣ. ಅದನ್ನ ಪ್ರತ್ಯೇಕವಾಗಿ ಕೆಂಪು ಶಾಯೀಲಿ ಬರ್ಕೊ.